ಸೋತಾಗ ಆಟ ಏನು ಕಿತ್ತುಕೊಳ್ಳುತ್ತದೆ? ಬಹುಕಾಲ ಆಡಿದ ಕೆಲವು ಗೇಮ್‌ಗಳ ವಿಮರ್ಶೆ

ಗೇಮ್ ವಿಮರ್ಶೆಗಳಲ್ಲಿ ಹೆಚ್ಚಿನವು ಬಿಡುಗಡೆಯಾದ ವಾರದಲ್ಲೇ ಬರುತ್ತವೆ. ಗ್ರಾಫಿಕ್ಸ್, ಸಂಗೀತ, ಕಥೆಯ ಮೊದಲ ಭಾಗ ಇವುಗಳ ಬಗ್ಗೆ ಅಷ್ಟರಲ್ಲಿ ಹೇಳಬಹುದು. ಆದರೆ ಒಂದು ಗೇಮ್ ನಮ್ಮ ಹೊತ್ತಿಗೆ ಎಷ್ಟು ಬೆಲೆ ಕೊಡುತ್ತದೆ ಎಂಬುದು ತಿಂಗಳುಗಟ್ಟಲೆ ಆಡಿದ ಮೇಲೆಯೇ ಗೊತ್ತಾಗುವುದು. ಅದನ್ನು ಅಳೆಯಲು ನಾನು ನೋಡುವುದು ಎರಡೇ ವಿಷಯ: ಸೋತಾಗ ಅದು ಏನು ಕಿತ್ತುಕೊಳ್ಳುತ್ತದೆ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲಲು ಎಷ್ಟು ಹೊತ್ತು ಹಿಡಿಸುತ್ತದೆ. ಕಷ್ಟದ ಗೇಮ್ ಅಂದರೆ ಕೆಟ್ಟ ಗೇಮ್ ಅಲ್ಲ. ಸೋಲಿಗೆ ಹಾಕುವ ದಂಡ ತಪ್ಪಿಗೆ ತಕ್ಕಂತಿಲ್ಲದಿದ್ದರೆ ಮಾತ್ರ ಅದು ಕೆಟ್ಟ ಗೇಮ್.

ಈ ಲೆಕ್ಕದಲ್ಲಿ ಅತಿ ಸ್ವಚ್ಛವಾಗಿರುವುದು 2018ರ ಜನವರಿಯಲ್ಲಿ ಬಂದ ಸೆಲೆಸ್ಟ್, ಜಿಗಿಯುತ್ತಾ ಬೆಟ್ಟ ಹತ್ತುವ ಗೇಮ್. ಪ್ರತಿ ಪರದೆಯೂ ಒಂದು ಪುಟ್ಟ ಒಗಟು. ಸತ್ತರೆ ಅದೇ ಪರದೆಯ ಆರಂಭದಲ್ಲಿ ತಕ್ಷಣ ನಿಂತಿರುತ್ತೀರಿ. ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ಹೀಗಾಗಿ ಎಷ್ಟೇ ಸತ್ತರೂ ಸಿಟ್ಟು ಗೇಮ್ ಮೇಲೆ ಬರುವುದಿಲ್ಲ. ಇದರ ಒಳಗಿನ ಔದಾರ್ಯ ಬರಿಗಣ್ಣಿಗೆ ಕಾಣದು. ಅಂಚಿನಿಂದ ಕಾಲು ಜಾರಿದ ಮೇಲೂ ಸುಮಾರು 0.1 ಸೆಕೆಂಡಿನವರೆಗೆ ಜಿಗಿತದ ಬಟನ್ ಒತ್ತಿದರೆ ಅದು ಒಪ್ಪಿಕೊಳ್ಳುತ್ತದೆ. ನೆಲ ಮುಟ್ಟುವ ಮೊದಲೇ ತುಸು ಅವಸರದಲ್ಲಿ ಒತ್ತಿದರೂ ನೆನಪಿಟ್ಟುಕೊಂಡು ನೆಲ ಮುಟ್ಟಿದ ಕೂಡಲೇ ಜಿಗಿಸುತ್ತದೆ. ಮೇಲಿನ ಮೂಲೆಗೆ ತಲೆ ತಾಗುವಂತಿದ್ದರೆ ಪಾತ್ರವನ್ನು ಚೂರು ಪಕ್ಕಕ್ಕೆ ಸರಿಸಿ ದಾಟಿಸುತ್ತದೆ.

ಹೊಸಬರು ಎಡವುವುದು ಗಾಳಿಯಲ್ಲೇ ಚಿಮ್ಮಿ ಸಾಗುವ ಡ್ಯಾಶ್‌ನಲ್ಲಿ. ಡ್ಯಾಶ್‌ಗೆ ಎಂಟೇ ದಿಕ್ಕು. ಅನಲಾಗ್ ಸ್ಟಿಕ್ ತುಸು ವಾಲಿದರೂ ನೇರ ಮೇಲಕ್ಕೆ ಹೋಗಬೇಕಾದದ್ದು ಓರೆಯಾಗಿ ಹೋಗಿ ಮುಳ್ಳಿಗೆ ಬೀಳುತ್ತದೆ. ಒಳ್ಳೆಯ ಡಿ-ಪ್ಯಾಡ್ ಅಥವಾ ಕೀಬೋರ್ಡ್ ಬಳಸಿದರೆ ಈ ತೊಂದರೆಯ ಹೆಚ್ಚಿನ ಪಾಲು ಹೋಗುತ್ತದೆ. ಟಿವಿಯಲ್ಲಿ ಆಡುವವರು ಮೊದಲು ಗೇಮ್ ಮೋಡ್ ಆನ್ ಮಾಡಿಕೊಳ್ಳಿ. ಚಿತ್ರವನ್ನು ಅಂದಗೊಳಿಸಲು ಟಿವಿ ಮಾಡುವ ಸಂಸ್ಕರಣೆಯಿಂದ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತಡವಾಗುತ್ತದೆ, ಇಂಥ ಗೇಮ್‌ನಲ್ಲಿ ಆ ತಡವೇ ಸಾವು. ಆಟವನ್ನು ಸುಲಭ ಮಾಡುವ ಅಸಿಸ್ಟ್ ಮೋಡ್‌ನಲ್ಲಿ ಗೇಮ್ ವೇಗವನ್ನು 50 ಶೇಕಡಾದವರೆಗೆ ಇಳಿಸಬಹುದು, ಹತ್ತುವ ಶಕ್ತಿಯನ್ನು ಮುಗಿಯದಂತೆ ಮಾಡಬಹುದು. ನಾಚಿಕೆ ಬೇಡ. 80 ಶೇಕಡಾ ವೇಗದಲ್ಲಿ ಒಂದು ಪರದೆಯ ಲಯ ಕೈಗೆ ಕೂರಿಸಿಕೊಂಡು ಮತ್ತೆ ಪೂರ್ತಿ ವೇಗಕ್ಕೆ ಹೋಗುವುದು ಕಲಿಯುವ ಒಳ್ಳೆಯ ದಾರಿ. ಸ್ಟ್ರಾಬೆರಿಗಳು ಮಾತ್ರ ಮುಟ್ಟಿದರೆ ಸಾಲದು, ಗಟ್ಟಿ ನೆಲದ ಮೇಲೆ ನಿಂತ ಮೇಲೆಯೇ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೆ ಮುಂಚೆ ಸತ್ತರೆ ಹಣ್ಣು ಹಳೆಯ ಜಾಗಕ್ಕೆ ಮರಳುತ್ತದೆ.

ಹಾಲೋ ನೈಟ್ ಇದಕ್ಕೆ ನೇರ ವಿರುದ್ಧ. ಆಸ್ಟ್ರೇಲಿಯಾದ ಟೀಮ್ ಚೆರಿ 2017ರಲ್ಲಿ ಬಿಡುಗಡೆ ಮಾಡಿದ ಈ ಗೇಮ್‌ನಲ್ಲಿ ಸತ್ತರೆ ಕೊನೆಗೆ ಕೂತ ಬೆಂಚ್‌ಗೆ ಹಿಂತಿರುಗುತ್ತೀರಿ. ಕೂಡಿಟ್ಟ ಜಿಯೊ (ಆ ಲೋಕದ ಹಣ) ಪೂರ್ತಿಯಾಗಿ ಸತ್ತ ಜಾಗದಲ್ಲಿ ನಿಮ್ಮದೇ ನೆರಳಿನ ಬಳಿ ಉಳಿಯುತ್ತದೆ. ಅಷ್ಟೇ ಅಲ್ಲ, ಜೀವ ತುಂಬಲು, ಮಂತ್ರ ಬಿಡಲು ಬಳಸುವ ಸೋಲ್ ಎಂಬ ಶಕ್ತಿಯ ಪಾತ್ರೆ ಒಡೆದು 99ರ ಬದಲು 66 ಮಾತ್ರ ತುಂಬುತ್ತದೆ. ನೆರಳನ್ನು ಹೊಡೆದು ವಾಪಸ್ ಪಡೆಯುವ ಮೊದಲು ಮತ್ತೊಮ್ಮೆ ಸತ್ತರೆ ಆ ಜಿಯೊ ಶಾಶ್ವತವಾಗಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೀಗೆ ಒಮ್ಮೆ ಸೋತವರು ಮುಂದಿನ ಸಲ ಇನ್ನೂ ದುರ್ಬಲರಾಗಿಯೇ ಹೋಗಬೇಕು. ಮೊದಲ ಕೆಲವು ಗಂಟೆಗಳಲ್ಲಿ ಎಷ್ಟೋ ಜನ ಇದನ್ನು ಬಿಟ್ಟುಬಿಡುವುದು ಇದೇ ಕಾರಣಕ್ಕೆ ಎಂದು ನನ್ನ ಅಂದಾಜು.

ಬಿಡಬೇಡಿ, ಲೆಕ್ಕ ಅರ್ಥಮಾಡಿಕೊಂಡರೆ ಸುಲಭವಾಗುತ್ತದೆ. ಶತ್ರುವಿಗೆ ಒಂದು ಏಟು ಹೊಡೆದರೆ 11 ಸೋಲ್ ಸಿಗುತ್ತದೆ. ಒಂದು ಮುಖವಾಡದಷ್ಟು ಜೀವ ತುಂಬಿಕೊಳ್ಳಲು 33 ಬೇಕು. ಅಂದರೆ ಮೂರು ಏಟಿಗೆ ಒಂದು ಜೀವ. ಅದೇ 33 ಸೋಲ್ ಖರ್ಚು ಮಾಡಿ ವೆಂಜ್‌ಫುಲ್ ಸ್ಪಿರಿಟ್ ಮಂತ್ರ ಬಿಟ್ಟರೆ 15 ಹಾನಿ. ಆರಂಭದ ನೈಲ್ ಕತ್ತಿಯ ಏಟು ಬರೀ 5, ಹಾಗಾಗಿ ಆ ಹಂತದಲ್ಲಿ ಒಂದು ಮಂತ್ರ ಮೂರು ಏಟಿಗೆ ಸಮ. ಹೊಸಬರು ಸೋಲ್ ಪೂರ್ತಿ ಜೀವಕ್ಕೆಂದೇ ಉಳಿಸಿಕೊಂಡು ಬಾಸ್ (ದೊಡ್ಡ ಶತ್ರು) ಕಾಳಗವನ್ನು ಉದ್ದ ಮಾಡಿಕೊಳ್ಳುತ್ತಾರೆ. ಉದ್ದವಾದಷ್ಟೂ ತಪ್ಪುಗಳು ಹೆಚ್ಚುತ್ತವೆ, ಉಳಿಸಿದ ಸೋಲ್ ಆ ತಪ್ಪುಗಳಿಗೇ ಖಾಲಿಯಾಗುತ್ತದೆ. ಬಾಸ್ ಏಟಿಗೆ ಸಿಗುವ ಕ್ಷಣ ಚಿಕ್ಕದಿದ್ದರೆ ಮಂತ್ರ, ಒಂದು ಸೆಕೆಂಡಿಗಿಂತ ಹೆಚ್ಚು ಸಿಕ್ಕರೆ ಜೀವ. ಈ ಒಂದು ನಿಯಮ ಸಾಕು.

ನೈಲ್ ಸುಧಾರಣೆ ನಾಲ್ಕು ಹಂತ: 5ರಿಂದ 9, 13, 17, 21. ಮೊದಲ ಹಂತಕ್ಕೆ 250 ಜಿಯೊ ಸಾಕು, ಪೇಲ್ ಓರ್ ಎಂಬ ಅಪರೂಪದ ಅದಿರು ಬೇಡ. ಏಟಿನ ಬಲ ಹತ್ತಿರಹತ್ತಿರ ದುಪ್ಪಟ್ಟಾಗುವುದರಿಂದ ನೈಲ್ ಹದಮಾಡುವ ಕಮ್ಮಾರನಿರುವ ಸಿಟಿ ಆಫ್ ಟಿಯರ್ಸ್ ತಲುಪಿದ ಕೂಡಲೇ ಮಾಡಬೇಕಾದ ಮೊದಲ ಖರ್ಚು ಇದೇ. ಮ್ಯಾಪ್ ವಿಷಯಕ್ಕೆ ಬಂದರೆ, ಪ್ರತಿ ಪ್ರದೇಶದಲ್ಲೂ ಮ್ಯಾಪ್ ಮಾರುವ ಕಾರ್ನಿಫರ್‌ನನ್ನು ಹುಡುಕಿ ಕೊಂಡುಕೊಳ್ಳಬೇಕು, ಊರಿನ ಅಂಗಡಿಯಲ್ಲಿ ಕ್ವಿಲ್ (ಲೇಖನಿ) ಕೊಳ್ಳದಿದ್ದರೆ ನೀವು ನಡೆದ ಹೊಸ ಜಾಗ ಅದರಲ್ಲಿ ಮೂಡುವುದೇ ಇಲ್ಲ, ಕೊಂಡ ಮೇಲೂ ಬೆಂಚಿನಲ್ಲಿ ಕೂತಾಗಷ್ಟೇ ಮೂಡುತ್ತದೆ. ನೀವು ಎಲ್ಲಿದ್ದೀರಿ ಎಂದು ತೋರಿಸುವ ಕಂಪಾಸ್ ಚಾರ್ಮ್ (ನೆರವಿನ ತಾಯಿತ) ತೊಡುವ ಒಂದು ಜಾಗವನ್ನು ತಿನ್ನುತ್ತದೆ. ಆರಂಭದಲ್ಲಿ ಇರುವುದೇ ಮೂರು. ಇದನ್ನು ಹಲವರು ಸೊಗಸೆಂದು ಹೊಗಳುತ್ತಾರೆ, ನನಗೆ ಒಪ್ಪಿಗೆಯಿಲ್ಲ. ದಾರಿ ತಪ್ಪುವ ಖುಷಿ ಮೊದಲ ಸಲಕ್ಕೆ ಸರಿ. ನಾಲ್ಕನೇ ಸಲ ಅದೇ ಸುರಂಗದಲ್ಲಿ ಸುತ್ತುವಾಗ ಅದು ದಂಡ.

ಇನ್ನೂ ದೊಡ್ಡ ದಂಡ, ಬಾಸ್‌ಗೂ ಬೆಂಚಿಗೂ ನಡುವಿನ ದೂರ. ಟ್ರೇಟರ್ ಲಾರ್ಡ್ ಎಂಬ ಬಾಸ್ ಹತ್ತಿರ ಇದು ಅತಿಯಾಗಿದೆ. ಕಾಳಗದಲ್ಲಿ ಕಲಿತದ್ದು ಬರುವ ದಾರಿಯಲ್ಲೇ ಮರೆತುಹೋಗುವಷ್ಟು. ಪರಿಹಾರ ಗೇಮ್ ಒಳಗೇ ಇದೆ, ಆದರೆ ತಡವಾಗಿ ಸಿಗುತ್ತದೆ: ಸೀಯರ್‌ಗೆ 900 ಎಸೆನ್ಸ್ (ಕನಸುಗಳಿಂದ ಸಿಗುವ ಸತ್ವ) ಕೂಡಿಸಿ ತೋರಿಸಿದರೆ, ನೆಟ್ಟ ಜಾಗಕ್ಕೆ ಒಯ್ಯುವ ಡ್ರೀಮ್‌ಗೇಟ್ ಕೊಡುತ್ತಾಳೆ. ಬಾಸ್ ಕೋಣೆಯ ಹೊರಗೆ ಅದನ್ನು ನೆಟ್ಟು, ಸತ್ತಾಗಲೆಲ್ಲ ಒಂದು ಎಸೆನ್ಸ್‌ಗೆ ನೇರ ಅಲ್ಲಿಗೇ ಹೋಗಬಹುದು. ಇಷ್ಟೆಲ್ಲ ದೂರಿದ್ದರೂ ಹೇಳಲೇಬೇಕು: ಕತ್ತಿ ಬೀಸುವ, ಕೆಳಕ್ಕೆ ಹೊಡೆದು ಶತ್ರುವಿನ ತಲೆಯ ಮೇಲೆ ಪುಟಿಯುವ ಆ ಹದ ಬೇರೆ ಯಾವ ಎರಡು ಆಯಾಮದ ಗೇಮ್‌ನಲ್ಲೂ ನನಗೆ ಇಷ್ಟು ಚೆನ್ನಾಗಿ ಸಿಕ್ಕಿಲ್ಲ.

2022ರ ಫೆಬ್ರವರಿಯಲ್ಲಿ ಬಂದ ಎಲ್ಡನ್ ರಿಂಗ್ ದೂರದ ಈ ತೊಂದರೆಯನ್ನು ಬಹುಮಟ್ಟಿಗೆ ಬಗೆಹರಿಸಿದೆ. ರೂನ್‌ಗಳು (ಇಲ್ಲಿನ ಹಣ) ಸತ್ತ ಜಾಗದಲ್ಲಿ ಬೀಳುತ್ತವೆ, ಎರಡನೇ ಸಲ ಸತ್ತರೆ ಹೋಗುತ್ತವೆ. ಆ ಹಳೆಯ ನಿಯಮ ಇಲ್ಲೂ ಇದೆ. ಆದರೆ ಎಷ್ಟೋ ಬಾಸ್‌ಗಳ ಹತ್ತಿರ ಮರಿಕಾಳ ಕಂಬ ಇರುತ್ತದೆ, ಅಲ್ಲಿಂದಲೇ ಎದ್ದು ಮತ್ತೆ ನುಗ್ಗಬಹುದು. ಒಬ್ಬ ಬಾಸ್ ಕೈಗೆ ಸಿಗದಿದ್ದರೆ ಕುದುರೆ ಹತ್ತಿ ಬೇರೆ ದಿಕ್ಕಿಗೆ ಹೋಗುವ ಸ್ವಾತಂತ್ರ್ಯ ಅದಕ್ಕಿಂತ ದೊಡ್ಡದು. ಗೇಮ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆರಂಭದ ಬಾಸ್ ಮಾರ್ಗಿಟ್ ಎದುರು ತಲೆ ಚಚ್ಚಿಕೊಳ್ಳುವವರಿಗೆ ನನ್ನ ಸಲಹೆ: ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಮುಗಿಸಿ ಬನ್ನಿ.

ಎಡವುವುದಕ್ಕೆ ಮುಖ್ಯ ಕಾರಣಗಳು ಮೂರು, ಮೂರೂ ಗೇಮ್ ಸರಿಯಾಗಿ ವಿವರಿಸದವು. ಮೊದಲನೆಯದು ವಿಗರ್, ಅಂದರೆ ಜೀವ ಹೆಚ್ಚಿಸುವ ಗುಣ. ಹೊಸಬರು ಶಕ್ತಿಗೆ ಅಂಕ ಸುರಿದು ಜೀವವನ್ನು ಮರೆಯುತ್ತಾರೆ. ವಿಗರ್ 40 ತಲುಪಿದಾಗ ಜೀವ 1450, 60ಕ್ಕೆ 1900. ಅಲ್ಲಿಂದ 99ಕ್ಕೆ ಏರಿಸಿದರೂ 2100 ಅಷ್ಟೇ. ಆಟದ ನಡುಭಾಗಕ್ಕೆ 40, ಕೊನೆಗೆ 60, ಅದರಾಚೆಗೆ ವ್ಯರ್ಥ. ಎರಡನೆಯದು ತೂಕ. ಹೊತ್ತ ಸಾಮಾನು ಮಿತಿಯ 70 ಶೇಕಡಾ ಮುಟ್ಟಿದರೆ ಉರುಳುವಿಕೆ ಭಾರವಾಗಿ, ತಪ್ಪಿಸಿಕೊಳ್ಳುವ ಕ್ಷಣ ಕುಗ್ಗುತ್ತದೆ. ಸ್ಥಿತಿ ಪರದೆಯಲ್ಲಿ ‘ಮೀಡಿಯಂ’ ಎಂದಿರಲೇಬೇಕು. ಒಂದು ಕವಚ ಬಿಚ್ಚಿಟ್ಟರೆ ಸಿಗುವ ಲಾಭ ಆ ಕವಚದ ರಕ್ಷಣೆಗಿಂತ ಹೆಚ್ಚು. ಮೂರನೆಯದು ಆಯುಧ. ಸಾಮಾನ್ಯ ಆಯುಧ +25ರವರೆಗೆ, ವಿಶೇಷ ಆಯುಧ ಸೋಂಬರ್ ಕಲ್ಲಿನಿಂದ +10ರವರೆಗೆ ಏರುತ್ತದೆ. ಸಾಮಾನ್ಯ ಆಯುಧದ ಪ್ರತಿ ಮೂರು ಹಂತಕ್ಕೆ 2, 4, 6 ಎಂದು ಒಟ್ಟು 12 ಕಲ್ಲು, ಸೋಂಬರ್‌ನಲ್ಲಿ ಹಂತಕ್ಕೊಂದೇ. ಹಾಗಾಗಿ ಆಯುಧಗಳನ್ನು ಬದಲಿಸುತ್ತಾ ನೋಡುವ ಮನಸ್ಸಿದ್ದವರಿಗೆ ಸೋಂಬರ್ ಆಯುಧಗಳೇ ಅಗ್ಗ. ಆರಂಭದ ಹತ್ತಿರವೇ ಸಿಗುವ ಚರ್ಚ್ ಆಫ್ ಎಲ್ಲೆಯಲ್ಲೇ +3ರವರೆಗೆ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಮೊದಲ ದರ್ಜೆಯ ಕಲ್ಲು ಲಿಮ್‌ಗ್ರೇವ್ ಸುರಂಗದಲ್ಲಿ ಸಿಗುತ್ತದೆ.

ದೋಷಗಳು ಇಲ್ಲದಿಲ್ಲ. ನೆಲಮಾಳಿಗೆಗಳ ಬಾಸ್‌ಗಳು ಹೆಸರಿಗಷ್ಟೇ ಬೇರೆಯಾಗಿ ಮತ್ತೆ ಮತ್ತೆ ಬರುತ್ತಾರೆ. ದೈತ್ಯ ಶತ್ರುವಿಗೆ ಕ್ಯಾಮೆರಾ ಲಾಕ್ ಮಾಡಿದರೆ ಪರದೆಯಲ್ಲಿ ಕಾಲು ಮಾತ್ರ ಕಾಣುತ್ತದೆ; ಅಂಥ ಕಡೆ ಲಾಕ್ ಬಿಟ್ಟೇ ಹೊಡೆಯಿರಿ. ಪಿಸಿಯಲ್ಲಿ ಫ್ರೇಮ್ ವೇಗಕ್ಕೆ ಸೆಕೆಂಡಿಗೆ 60ರ ಬೇಲಿ ಹಾಕಿದ್ದಾರೆ. ಪಾತ್ರಗಳ ಕಥೆಗಳಿಗೆ ದಾಖಲೆ ಪುಸ್ತಕವಿಲ್ಲ, ಯಾರು ಏನು ಹೇಳಿದರೆಂದು ನೀವೇ ಬರೆದಿಟ್ಟುಕೊಳ್ಳಬೇಕು. ಒಂದು ತಿಂಗಳು ಬಿಟ್ಟು ಮರಳಿದವರಿಗೆ ಇದು ನಿಜಕ್ಕೂ ಅನ್ಯಾಯ. 2024ರ ಜೂನ್‌ನಲ್ಲಿ ಬಂದ ವಿಸ್ತರಣೆ (ಡಿಎಲ್‌ಸಿ) ಶ್ಯಾಡೋ ಆಫ್ ದಿ ಎರ್ಡ್‌ಟ್ರೀಗೆ ಹೋಗಲು ರಡಾನ್ ಮತ್ತು ಮೋಗ್ ಎಂಬ ಇಬ್ಬರು ಬಾಸ್‌ಗಳನ್ನೂ ಸೋಲಿಸಿರಬೇಕು. ಅಲ್ಲಿ ನಿಮ್ಮ ಹಳೆಯ ಲೆವೆಲ್ ಕಾಪಾಡುವುದಿಲ್ಲ, ಅಲ್ಲಲ್ಲಿ ಅಡಗಿರುವ, ಬಲ ಹೆಚ್ಚಿಸುವ ಸ್ಕಾಡುಟ್ರೀ ತುಣುಕುಗಳೇ ಕಾಪಾಡಬೇಕು. ಒಟ್ಟು 50 ತುಣುಕಿಗೆ 20 ಹಂತ. ‘ಡಿಎಲ್‌ಸಿ ಅಸಾಧ್ಯ ಕಷ್ಟ’ ಎನ್ನುವವರಲ್ಲಿ ಬಹಳ ಜನ ಅವನ್ನು ಹುಡುಕದೆ ನೇರ ಬಾಸ್ ಬಾಗಿಲಿಗೆ ಹೋದವರು.

ಸೋಲನ್ನೇ ಕಥೆಯಾಗಿಸಿದ್ದು ಹೇಡಿಸ್, ಪಾತಾಳದಿಂದ ತಪ್ಪಿಸಿಕೊಳ್ಳಲು ಮತ್ತೆ ಮತ್ತೆ ಓಡುವ ಗೇಮ್. 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣ ಆವೃತ್ತಿ ಬಂತು. ಸತ್ತರೆ ಆ ಓಟದಲ್ಲಿ ಪಡೆದ ವರಗಳೆಲ್ಲ ಹೋಗುತ್ತವೆ, ಆದರೆ ಡಾರ್ಕ್‌ನೆಸ್ ಉಳಿಯುತ್ತದೆ, ಮನೆಯಲ್ಲಿ ಯಾರಾದರೊಬ್ಬರು ಹೊಸ ಮಾತು ಆಡುತ್ತಾರೆ. ಆ ಡಾರ್ಕ್‌ನೆಸ್ ಕೊಟ್ಟು ಶಾಶ್ವತ ಶಕ್ತಿ ಪಡೆಯುವ ಮನೆಯ ಕನ್ನಡಿಯಲ್ಲಿ ಮೊದಲು ಕೊಳ್ಳಬೇಕಾದದ್ದು ಡೆತ್ ಡಿಫಯನ್ಸ್. ಮೂರು ಹಂತ, ಅಂದರೆ ಒಂದೇ ಓಟದಲ್ಲಿ ಮೂರು ಸಲ ಎದ್ದು ನಿಲ್ಲಬಹುದು. ಅಥೀನಾಳ ಡ್ಯಾಶ್ ಸಿಕ್ಕರೆ ಬಿಡಬೇಡಿ, ಹಾದುಹೋಗುವಾಗ ಬಾಣಗಳನ್ನು ಶತ್ರುವಿನತ್ತಲೇ ತಿರುಗಿಸುತ್ತದೆ. ಗಾಡ್ ಮೋಡ್ ಆನ್ ಮಾಡಿದರೆ ತಗಲುವ ಹಾನಿಯಲ್ಲಿ 20 ಶೇಕಡಾ ಕಡಿಮೆಯಾಗುತ್ತದೆ, ಪ್ರತಿ ಸಾವಿಗೆ ಇನ್ನೂ 2 ಸೇರುತ್ತಾ 80ರವರೆಗೆ ಹೋಗುತ್ತದೆ. ಸೋತಷ್ಟೂ ನೆರವು ಹೆಚ್ಚಾಗುವ ಈ ಏರ್ಪಾಡು ಹಾಲೋ ನೈಟ್‌ನ ಒಡೆದ ಪಾತ್ರೆಗೆ ಪೂರ್ತಿ ತಿರುಗುಮುರುಗು. ಮುಖ್ಯ ಕಥೆಯ ಮುಕ್ತಾಯಕ್ಕೆ ಹತ್ತು ಸಲ ಹೊರಗೆ ತಲುಪಬೇಕು. ಅಷ್ಟರಲ್ಲಿ ನಾಲ್ಕು ಲೋಕಗಳ ಒಂದೇ ಕ್ರಮ ಸವೆದುಹೋಗಿರುತ್ತದೆ. ಕೊನೆಯ ಲೋಕವಾದ ಸ್ಟಿಕ್ಸ್‌ನಲ್ಲಿ ಮೂಟೆ ಹುಡುಕುತ್ತಾ ಇಕ್ಕಟ್ಟಿನ ಸುರಂಗಗಳಲ್ಲಿ ವಿಷ ತಿನ್ನುವ ಭಾಗವಂತೂ ಮೊದಲ ಸಲದಿಂದಲೇ ಬೇಸರ. ಆರು ಆಯುಧಗಳನ್ನೂ ಸರದಿಯ ಮೇಲೆ ಬಳಸಿದರೆ ಬೇಸರ ತಡವಾಗಿ ಬರುತ್ತದೆ.

ಹೊಲ ನೋಡಿಕೊಳ್ಳುವ ಸ್ಟಾರ್ಡ್ಯೂ ವ್ಯಾಲಿ ಮೃದುವಾದ ಗೇಮ್ ಎಂಬ ಹೆಸರು ಪಡೆದಿದೆ. ಅದು ಕಿತ್ತುಕೊಳ್ಳುವುದು ದಿನವನ್ನು. 2016ರಲ್ಲಿ ಬಂದ, ಒಬ್ಬರೇ ಕೂತು ಮಾಡಿದ ಈ ಗೇಮ್‌ನಲ್ಲಿ ಬೆಳಗ್ಗೆ 6ರಿಂದ ರಾತ್ರಿ 2ರವರೆಗಿನ ಒಂದು ದಿನ ನಮ್ಮ 14 ನಿಮಿಷಕ್ಕೆ ಸಮ. ಮಲಗಿದಾಗ ಮಾತ್ರ ಸೇವ್ ಆಗುತ್ತದೆ, ನಡುವೆ ಎದ್ದುಹೋದರೆ ಆ ದಿನ ಹೋಯಿತು. 2 ಗಂಟೆಗೂ ಹಾಸಿಗೆ ಸೇರದಿದ್ದರೆ ಕುಸಿದುಬಿದ್ದು ಹಣ ಕಳೆದುಕೊಳ್ಳುತ್ತೀರಿ. ಹೊಸಬರ ದೊಡ್ಡ ನಷ್ಟ ನೀರುಣಿಸುವುದರಲ್ಲಿ. ಅರ್ಧ ದಿನ, ಅರ್ಧ ಶಕ್ತಿ ಅಲ್ಲೇ ಮುಗಿಯುತ್ತದೆ. ಸಾದಾ ಸ್ಪ್ರಿಂಕ್ಲರ್ ನಾಲ್ಕು ಚೌಕಕ್ಕಷ್ಟೇ ನೀರು ಹಾಕುತ್ತದೆ, ಅದರ ಮೇಲೆ ಲೋಹ ಸುರಿಯಬೇಡಿ. ಕೃಷಿ ಹಂತ 6ಕ್ಕೆ ಸಿಗುವ ಕ್ವಾಲಿಟಿ ಸ್ಪ್ರಿಂಕ್ಲರ್ ಸುತ್ತಲಿನ 8 ಚೌಕ ನೋಡಿಕೊಳ್ಳುತ್ತದೆ. ತಲಾ ಒಂದು ಕಬ್ಬಿಣದ ಗಟ್ಟಿ, ಚಿನ್ನದ ಗಟ್ಟಿ, ಶುದ್ಧೀಕರಿಸಿದ ಸ್ಫಟಿಕ ಸಾಕು. ವಸಂತದ 13ರ ಮೊಟ್ಟೆ ಹಬ್ಬದಲ್ಲಿ ಸಿಗುವ ಸ್ಟ್ರಾಬೆರಿ ಬೀಜವನ್ನು ಅಂದೇ ರಾತ್ರಿ ನೆಟ್ಟರೆ 21 ಮತ್ತು 25ರಂದು ಎರಡೇ ಕೊಯ್ಲು. ಸ್ವಲ್ಪ ಬೀಜ ಎತ್ತಿಟ್ಟು ಮುಂದಿನ ವರ್ಷ ವಸಂತದ 1ರಂದು ನೆಟ್ಟರೆ ಐದು ಕೊಯ್ಲು. ಬೇಕಾದ ಸಾಮಾನೆಲ್ಲ ಕೊಟ್ಟು ಊರಿನ ಸಮುದಾಯ ಭವನವನ್ನು ಮೊದಲ ವರ್ಷವೇ ಮುಗಿಸಲು ಹೊರಟವರನ್ನು ತಡೆಯುವುದು ಕೆಂಪು ಕೋಸು. ಅಂಗಡಿಯಲ್ಲಿ ಅದರ ಬೀಜ ಎರಡನೇ ವರ್ಷವೇ ಬರುವುದು. ಶುಕ್ರವಾರ, ಭಾನುವಾರದ ಸಂಚಾರಿ ಗಾಡಿಯಲ್ಲಿ ಅದೃಷ್ಟವಿದ್ದರೆ ಸಿಗುತ್ತದೆ. ಹೊಸ ಆಟ ಶುರುಮಾಡುವಾಗ ಮುಂದುವರಿದ ಆಯ್ಕೆಗಳಲ್ಲಿ ಮೊದಲ ವರ್ಷ ಮುಗಿಸಲು ಸಾಧ್ಯವಾಗುವಂತೆ ಖಾತ್ರಿಪಡಿಸುವ ಗುರುತು ಹಾಕಿದರೆ ಈ ಜೂಜು ಇರುವುದಿಲ್ಲ.

ಕಾರ್ಖಾನೆ ಕಟ್ಟುವ ಫ್ಯಾಕ್ಟೊರಿಯೊದಲ್ಲಿ ಏನನ್ನೂ ಕಿತ್ತುಕೊಳ್ಳುವವರಿಲ್ಲ, ನಮ್ಮ ಹಳೆಯ ನಿರ್ಧಾರಗಳೇ ಸಾಲ ಕೊಟ್ಟವರಂತೆ ಬಂದು ನಿಲ್ಲುತ್ತವೆ. ಇದು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುವ ಗೇಮ್. 1.0 ಆವೃತ್ತಿ ಬಂದದ್ದು 2020ರ ಆಗಸ್ಟ್‌ನಲ್ಲಿ. ಇಲ್ಲಿ ಸೋಲಿಗೆ ಯಾವಾಗಲೂ ಕಾರಣವಿರುತ್ತದೆ, ಆ ಕಾರಣ ಯಾವಾಗಲೂ ಪರದೆಯ ಮೇಲೇ ಇರುತ್ತದೆ. ವಿದ್ಯುತ್ ಕುಸಿತವನ್ನೇ ನೋಡಿ. ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಇನ್ಸರ್ಟರ್ ಎಂಬ ಯಾಂತ್ರಿಕ ಕೈ, ಗಣಿಯ ಡ್ರಿಲ್ ಎರಡೂ ಅದೇ ವಿದ್ಯುತ್ತಿನಲ್ಲಿ ನಡೆಯುತ್ತಿದ್ದರೆ, ಬೇಡಿಕೆ ಹೆಚ್ಚಿದ ದಿನ ಎರಡೂ ನಿಧಾನವಾಗುತ್ತವೆ. ಕಲ್ಲಿದ್ದಲು ಇನ್ನೂ ಕಡಿಮೆಯಾಗುತ್ತದೆ, ವಿದ್ಯುತ್ ಇನ್ನೂ ಕುಸಿಯುತ್ತದೆ, ಕೊನೆಗೆ ಇಡೀ ಕಾರ್ಖಾನೆ ನಿಲ್ಲುತ್ತದೆ. ಬಾಯ್ಲರ್ ಸಾಲಿಗೆ ಇಂಧನ ಸುಡುವ ಬರ್ನರ್ ಇನ್ಸರ್ಟರ್ ಹಾಕಿದರೆ ಈ ಸರಪಳಿಯ ಒಂದು ಕೊಂಡಿ ಕಳಚುತ್ತದೆ. ಒಂದು ಬಾಯ್ಲರ್‌ಗೆ ಎರಡು ಸ್ಟೀಮ್ ಎಂಜಿನ್ ಲೆಕ್ಕ.

ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಒಯ್ಯುತ್ತದೆ. ಅದನ್ನು ಪೂರ್ತಿ ತುಂಬಲು ಕಬ್ಬಿಣದ ತಗಡಿಗೆ 48 ಕಲ್ಲಿನ ಕುಲುಮೆ ಬೇಕು, ಉಕ್ಕಿನ ಕುಲುಮೆಯಾದರೆ 24. ಹಸಿರು ಸರ್ಕ್ಯೂಟ್‌ಗೆ ತಾಮ್ರದ ತಂತಿಯ ಮೂರು ಯಂತ್ರಕ್ಕೆ ಸರ್ಕ್ಯೂಟ್‌ನ ಎರಡು ಯಂತ್ರ. ಈ ಎರಡು ಲೆಕ್ಕ ಗೊತ್ತಿದ್ದರೆ ಮೊದಲ ಕೆಲವು ಗಂಟೆಗಳು ಸಲೀಸು. ಜನ ಕೈಬಿಡುವುದು ನೀಲಿ ವಿಜ್ಞಾನದ (ಸಂಶೋಧನೆಗೆ ಬೇಕಾದ ನೀಲಿ ಪೊಟ್ಟಣಗಳ) ಹಂತದಲ್ಲಿ, ತೈಲ ಬಂದಾಗ. ಮುಂದುವರಿದ ಸಂಸ್ಕರಣೆಯಲ್ಲಿ ಮೂರು ದ್ರವ ಒಟ್ಟಿಗೆ ಹೊರಬರುತ್ತವೆ. ಒಂದರ ಟ್ಯಾಂಕ್ ತುಂಬಿದರೂ ಸಂಸ್ಕರಣಾಗಾರವೇ ನಿಂತುಬಿಡುತ್ತದೆ. ‘ಪೆಟ್ರೋಲಿಯಂ ಅನಿಲ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಭಾರ ತೈಲದ ಟ್ಯಾಂಕ್ ತುಂಬಿರುತ್ತದೆ. ಭಾರವನ್ನು ಹಗುರಕ್ಕೆ, ಹಗುರವನ್ನು ಅನಿಲಕ್ಕೆ ಒಡೆಯುವ ರಾಸಾಯನಿಕ ಘಟಕಗಳನ್ನು ಮೊದಲೇ ಕಟ್ಟಿ. ಕೀಲೆಣ್ಣೆಗೆ (ಲೂಬ್ರಿಕೆಂಟ್) ಬೇಕಾದಷ್ಟು ಭಾರ ತೈಲ ಉಳಿಯಲು ಪಂಪ್‌ಗೆ ಸರ್ಕ್ಯೂಟ್ ಷರತ್ತು ಹಾಕಿ, ಟ್ಯಾಂಕ್‌ನಲ್ಲಿ ಇಷ್ಟಕ್ಕಿಂತ ಹೆಚ್ಚಿದ್ದರೆ ಮಾತ್ರ ನಡೆಯುವಂತೆ. ಕೀಟಗಳ ದಾಳಿ ಹೊಗೆಯಿಂದ ಹುಟ್ಟುತ್ತದೆ. ಕಟ್ಟುವ ಖುಷಿಯೇ ಬೇಕಾದವರು ಹೊಸ ಲೋಕ ತೆರೆಯುವಾಗ ಶತ್ರುಗಳನ್ನು ತೆಗೆದುಬಿಡಿ, ಗೇಮ್ ಏನೂ ಕುಂದುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಬಂದ ಫ್ಯಾಕ್ಟೊರಿಯೊ ವಿಸ್ತರಣೆ ಸ್ಪೇಸ್ ಏಜ್‌ನ ಗ್ಲೀಬಾ ಗ್ರಹದಲ್ಲಿ ಹೆಚ್ಚಿನ ವಸ್ತುಗಳು ಕೊಳೆಯುತ್ತವೆ. ಬೆಲ್ಟ್ ತುಂಬಿ ನಿಂತರೆ ಬೇರೆಡೆ ಅದು ಸಮೃದ್ಧಿ, ಇಲ್ಲಿ ಗೊಬ್ಬರ. ಪ್ರತಿ ಬೆಲ್ಟ್‌ನ ತುದಿಯಲ್ಲಿ ಕೊಳೆತದ್ದನ್ನು ಆಯ್ದು ತೆಗೆಯುವಂತೆ ಫಿಲ್ಟರ್ ಹಾಕಿದ ಇನ್ಸರ್ಟರ್ ಇಟ್ಟು ಹೀಟಿಂಗ್ ಟವರ್‌ನಲ್ಲಿ ಸುಡಬೇಕು. ಪೆಂಟಾಪಾಡ್ (ಆ ಗ್ರಹದ ಶತ್ರು ಜೀವಿ) ಮೊಟ್ಟೆ ಹೆಚ್ಚು ದಾಸ್ತಾನು ಮಾಡಿದರೆ ಅವು ಒಡೆದು ಶತ್ರುಗಳು ಕಾರ್ಖಾನೆಯ ನಡುವೆಯೇ ಹೊರಬರುತ್ತಾರೆ. ಬಹಳ ಜನರಿಗೆ ಈ ಗ್ರಹ ಇಷ್ಟವಿಲ್ಲ. ನನ್ನ ಮಟ್ಟಿಗೆ ಇಡೀ ವಿಸ್ತರಣೆಯ ಅತಿ ಧೈರ್ಯದ ಕೆಲಸ ಇದೇ.

ದಿ ವಿಚರ್ 3 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬರವಣಿಗೆ ಅತ್ಯುತ್ತಮ, ಕತ್ತಿವರಸೆ ಸಾಧಾರಣ. ಸೋಲಿಗೆ ಹಳೆಯ ಸೇವ್ ಬಿಟ್ಟರೆ ಬೇರೆ ದಂಡವಿಲ್ಲ. ಮೂರನೇ ಕಷ್ಟದ ಮಟ್ಟ ಆರಿಸಿಕೊಳ್ಳಿ: ಅಲ್ಲಿಂದ ಮೇಲೆ ಧ್ಯಾನ ಮಾಡಿದರೆ ಜೀವ ತುಂಬುವುದಿಲ್ಲ, ಆಗಲೇ ಎಣ್ಣೆ, ಕಷಾಯಗಳಿಗೆ ಬೆಲೆ ಬರುತ್ತದೆ. ನಡೆದಾಟ ಜಿಡ್ಡು ಅನ್ನಿಸಿದರೆ ಸೆಟ್ಟಿಂಗ್‌ನಲ್ಲಿ ಪರ್ಯಾಯ ಚಲನೆ ಆನ್ ಮಾಡಿ. ನಿಮ್ಮ ಲೆವೆಲ್‌ಗಿಂತ ಆರು ಅಥವಾ ಹೆಚ್ಚು ಕೆಳಗಿನ ಕ್ವೆಸ್ಟ್‌ಗೆ ಅನುಭವದ ಅಂಕ ಬಹುತೇಕ ಸಿಗದು, ಆದ್ದರಿಂದ ಇಷ್ಟವಾದ ಕಥೆಗಳನ್ನು ಮುಂದಕ್ಕೆ ತಳ್ಳಬೇಡಿ. ಸ್ಕೆಲಿಗೆ ಸಮುದ್ರದ ಪ್ರಶ್ನೆಚಿಹ್ನೆಗಳನ್ನು ಮುಟ್ಟಲೇಬೇಡಿ, ಹೆಚ್ಚಿನವು ಕಳ್ಳಸಾಗಣೆಯ ಪೀಪಾಯಿಗಳು.

ಕೊನೆಯದು ಮೈನ್‌ಕ್ರಾಫ್ಟ್. ಸತ್ತರೆ ಸಾಮಾನೆಲ್ಲ ನೆಲಕ್ಕೆ ಚೆಲ್ಲುತ್ತದೆ, ಐದು ನಿಮಿಷದಲ್ಲಿ ಮಾಯವಾಗುತ್ತದೆ. ಆದರೆ ಆ ಗಡಿಯಾರ ಆ ಜಾಗ ಲೋಡ್ ಆಗಿರುವಾಗ ಮಾತ್ರ ಓಡುತ್ತದೆ. ನೀವು ಎದ್ದದ್ದು ಬಹಳ ದೂರದಲ್ಲಾದರೆ ಗಾಬರಿ ಬೇಡ. ಮೊದಲು ಊಟ, ಕತ್ತಿ ಹೊಂದಿಸಿಕೊಂಡು ಹೊರಡಿ, ಹತ್ತಿರ ಬಂದ ಮೇಲೆ ಓಡಿದರೆ ಸಾಕು. ಲಾವಾದಲ್ಲಿ ಬಿದ್ದದ್ದು ಮಾತ್ರ ಬಹುತೇಕ ಸುಟ್ಟೇ ಹೋಗುತ್ತದೆ. ವಜ್ರಕ್ಕೆ ಈಗಿನ ಆವೃತ್ತಿಗಳಲ್ಲಿ ಒಳ್ಳೆಯ ಆಳ ವೈ (ಎತ್ತರದ ಅಂಕಿ) -59 ಸುತ್ತಮುತ್ತ, ಅಲ್ಲಿನ ಗುಹೆಗಳ ತಳದಲ್ಲಿ ಲಾವಾ ಇದ್ದೇ ಇರುತ್ತದೆ, ಹಾಗಾಗಿ ನೀರಿನ ಬಕೆಟ್ ಕೈಯಳತೆಯಲ್ಲಿರಲಿ. ನೆದರ್ ಎಂಬ ಬೆಂಕಿಯ ಪಾತಾಳದಲ್ಲಿ ನೀರು ಸುರಿದರೆ ಆವಿಯಾಗುತ್ತದೆ, ಅಲ್ಲಿ ಆ ಬಕೆಟ್ ನಂಬಬೇಡಿ, ಹಾಸಿಗೆಯೂ ಸಿಡಿಯುತ್ತದೆ. ಎಂಡರ್ ಪೆಟ್ಟಿಗೆಯಲ್ಲಿಟ್ಟದ್ದು ಸತ್ತರೂ ಸುರಕ್ಷಿತ. ಮಕ್ಕಳ ಜೊತೆ ಆಡುವಾಗ ಕೀಪ್‌ಇನ್ವೆಂಟರಿ ನಿಯಮ (ಸತ್ತರೂ ಸಾಮಾನು ಉಳಿಯುತ್ತದೆ) ಆನ್ ಮಾಡಿಬಿಡಿ, ಕಟ್ಟುವ ಸಂತೋಷಕ್ಕೆ ಇದರಿಂದ ಕೊರತೆಯಾಗದು.

ಜಾವಾ, ಬೆಡ್‌ರಾಕ್ ಆವೃತ್ತಿಗಳ ನಡುವೆ ಆರಿಸುವಾಗ ರೆಡ್‌ಸ್ಟೋನ್ (ಗೇಮ್‌ನ ವಿದ್ಯುತ್ತಿನಂಥ ವಸ್ತು) ಯಂತ್ರಗಳ ಯೋಜನೆಗಳನ್ನು ನೋಡಿ ಕಟ್ಟುವವರು ಎಚ್ಚರವಾಗಿರಿ. ಎರಡರಲ್ಲಿ ಪಿಸ್ಟನ್‌ಗಳು ವಿದ್ಯುತ್ ಪಡೆಯುವ ರೀತಿಯೇ ಬೇರೆ, ಒಂದರ ಯಂತ್ರ ಇನ್ನೊಂದರಲ್ಲಿ ಹಲವು ಸಲ ಅಲ್ಲಾಡುವುದಿಲ್ಲ. ವರ್ಷಗಟ್ಟಲೆ ಕಟ್ಟಿದ ಲೋಕವನ್ನು ಹೊಸ ಆವೃತ್ತಿಯಲ್ಲಿ ತೆರೆಯುವ ಮೊದಲು ಜಾವಾದಲ್ಲಿ ಸೇವ್ಸ್ ಫೋಲ್ಡರ್‌ನಿಂದ ಆ ಲೋಕದ ಫೋಲ್ಡರನ್ನು ಬೇರೆ ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಒಮ್ಮೆ ಹೊಸದರಲ್ಲಿ ತೆರೆದ ಲೋಕವನ್ನು ಹಳೆಯದರಲ್ಲಿ ಮತ್ತೆ ಸುರಕ್ಷಿತವಾಗಿ ತೆರೆಯಲಾಗದು.